ಒಂದೇ ಮನೆಗೆ ಎರಡು ರಶೀದಿ

ನಾನು ಕೆಲಸ ಮಾಡಿದ ಪಂಚಾಯತು ಯಾವುದೆಂದು ಹೇಳುವುದಿಲ್ಲ. ಬಂಟ್ವಾಳದಿಂದಲೂ ಬೆಳ್ತಂಗಡಿಯಿಂದಲೂ ಮೂಡುಬಿದಿರೆಯಿಂದಲೂ ಬಸ್ಸು ಬಂದು ಸೇರುವ ಒಂದು ಕ್ರಾಸು ಇತ್ತು, ಅದರಿಂದ ಒಂದು ಮೈಲು ಈಚೆ ಹಳೆಯ ಪೇಟೆ ಇತ್ತು, ಎರಡಕ್ಕೂ ಸೇರಿ ಒಂದು ಪಂಚಾಯತು. ಅಷ್ಟು ಸಾಕು. ಹೆಸರು ಹೇಳಿದರೆ ಈ ಕಥೆಯಲ್ಲಿ ಬರುವ ಗಂಡಂದಿರ ಮೊಮ್ಮಕ್ಕಳು ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಅವರಲ್ಲಿ ಇಬ್ಬರು ವಕೀಲರು ಬೇರೆ ಆಗಿದ್ದಾರೆ.

ನಾನು ಅಲ್ಲಿ ಬಿಲ್ ಕಲೆಕ್ಟರ್ ಆಗಿದ್ದೆ. ಮನೆ ಮನೆಗೆ ಹೋಗಿ ತೆರಿಗೆಯ ಬಿಲ್ಲು ಕೊಡುವುದು, "ಬರುವ ತಿಂಗಳು ನೋಡುವ" ಎಂಬ ಉತ್ತರ ಕೇಳುವುದು, ಮಜ್ಜಿಗೆ ಕೊಟ್ಟರೆ ಕುಡಿಯುವುದು, ವಾಪಸು ಬರುವುದು. ಇದಕ್ಕೆ ಸಂಬಳ. ವಯಸ್ಸು ಇಪ್ಪತ್ತೆಂಟಾಗಿತ್ತು, ತಲೆಕೂದಲು ಆಗಲೇ ಹಣೆಯಿಂದ ಹಿಂದೆ ಹಿಂದೆ ಹೋಗುತ್ತಿತ್ತು, ಕೆಲಸ ಮಾತ್ರ ಮೂರು ವರ್ಷದಿಂದ ಟೆಂಪರರಿ. ಮಾರ್ಚಿ ಬಂತೆಂದರೆ ನನಗೆ ಅನ್ನ ಇಳಿಯುತ್ತಿರಲಿಲ್ಲ. ಪುನಃ ಒಂದು ವರ್ಷದ ಆರ್ಡರು ಕೈಗೆ ಬರುವವರೆಗೆ ಮನೆಯಲ್ಲಿ ಎಲ್ಲರ ಮೇಲೂ ಹರಿಹಾಯುತ್ತಿದ್ದೆ. ಹೇಗಾದರೂ ಖಾಯಂ ಆಗಲೇಬೇಕಿತ್ತು. ಮನೆಯಲ್ಲಿ ಅಮ್ಮ ಹನ್ನೆರಡು ವರ್ಷದಿಂದ ಬೀಡಿ ಕಟ್ಟುತ್ತಿದ್ದಳು. ಮಡಿಲಲ್ಲಿ ತಡ್ಪೆ ಎಂಬ ಮೊರ ಇಟ್ಟುಕೊಂಡು ಎಲೆ, ಪುಡಿ, ನೂಲು ಎಂದು ಬೆಳಗ್ಗೆ ತಲೆ ಬಗ್ಗಿಸಿ ಕೂತರೆ ಸಂಜೆಗೆ ಕುತ್ತಿಗೆ ಎತ್ತಲು ಆಗದು. ನನ್ನ ಕೆಲಸ ಖಾಯಂ ಆದ ಮೇಲೆ ಅವಳು ಬೀಡಿ ಬಿಡುವುದೆಂದು ನಮ್ಮೊಳಗೆ ಮಾತಾಗಿತ್ತು. ಅಪ್ಪ ತೀರಿಕೊಂಡು ವರ್ಷಗಳಾಗಿದ್ದವು. ತಂಗಿಗೆ ಇನ್ನೂ ಮದುವೆ ಆಗಿರಲಿಲ್ಲ.

ಆ ಕ್ರಾಸು ನನ್ನ ಸಣ್ಣ ಪ್ರಾಯದಲ್ಲಿ ಒಂದು ಗೂಡಂಗಡಿ ಮತ್ತು ಒಂದು ಮೈಲುಕಲ್ಲು, ಅಷ್ಟೇ. ಬಸ್ಸುಗಳು ಪೇಟೆಯ ಒಳಗೆ ಬರುವುದನ್ನು ಬಿಟ್ಟು ಅಲ್ಲೇ ನಿಂತು ತಿರುಗಲು ಶುರು ಮಾಡಿದ್ದೇ ತಡ, ಧರ್ಮಸ್ಥಳಕ್ಕೆ ಹೋಗುವ ಯಾತ್ರಿಕರು ಅಲ್ಲಿ ಇಳಿದು ಚಹಾ ಕುಡಿಯತೊಡಗಿದರು. ಚಹಾದ ಹಿಂದೆ ಹೋಟೆಲು ಬಂತು, ಹೋಟೆಲಿನ ಹಿಂದೆ ಸೈಕಲ್ ಶಾಪು, ಅದರ ಹಿಂದೆ ಬೀಡಿಯ ಬ್ರಾಂಚು. ಬ್ರಾಂಚು ಎಂದರೆ ಕಂಪೆನಿಯವರ ಎಲೆ, ಪುಡಿ ಕೊಟ್ಟು, ಕಟ್ಟಿದ ಬೀಡಿ ತೆಗೆದುಕೊಳ್ಳುವ ಜಾಗ. ಅದು ಬಂದ ಮೇಲೆ ಸುತ್ತಲಿನ ಹಳ್ಳಿಗಳಿಂದ ಹೆಂಗಸರು ಬಂದು ಐದು ಸೆಂಟ್ಸು, ಹತ್ತು ಸೆಂಟ್ಸು ಜಾಗ ತೆಗೆದು ಮುರಕಲ್ಲಿನ ಮನೆ ಕಟ್ಟಿಸಿದರು. ನಾನು ಒಂದು ಓಣಿಗೆ ಬಿಲ್ಲು ಹಂಚಿ ಮುಗಿಸುವಷ್ಟರಲ್ಲಿ ಅದರ ಬೆನ್ನಿಗೆ ಇನ್ನೊಂದು ಓಣಿ ಹುಟ್ಟಿರುತ್ತಿತ್ತು. ಪೇಟೆಯ ಜವಳಿ ಅಂಗಡಿಯವರು ಮೊದಲು ನಕ್ಕರು. ಆಮೇಲೆ ಒಬ್ಬೊಬ್ಬರೇ ಸದ್ದಿಲ್ಲದೆ ಕ್ರಾಸಿನಲ್ಲಿ ಕೋಣೆ ಬಾಡಿಗೆಗೆ ಹಿಡಿದರು.

ಊರು ಬೆಳೆಯುತ್ತಿದೆ ಎಂದು ಗೊತ್ತಾದ ಕೂಡಲೇ ಪಂಚಾಯತಿಗೆ ಸಾಲ ಮಾಡುವ ಉಮೇದು ಬಂತು. ನೀರಿನ ಟಾಂಕಿಗೆಂದು ಸರಕಾರದಿಂದ ಸಾಲ ತೆಗೆದರು. ಪೇಟೆಯ ಮೆಂಬರುಗಳು ಟಾಂಕಿ ಪೇಟೆಯಲ್ಲಿ ಆಗಬೇಕು ಎಂದರು, ಕ್ರಾಸಿನ ಮೆಂಬರುಗಳು ಕ್ರಾಸಿನಲ್ಲಿ ಎಂದರು. ಅಧ್ಯಕ್ಷರು ಅಕ್ಕಿ ಮಿಲ್ಲಿನ ಧಣಿ, ಯಾರನ್ನೂ ನೋಯಿಸುವ ಜನ ಅಲ್ಲ. ಎರಡರ ನಡುವೆ, ಒಂದು ಮನೆಯೂ ಇಲ್ಲದ ಪದವಿನಲ್ಲಿ, ಎಂದರೆ ಬೋಳು ಬಯಲಿನಲ್ಲಿ, ಕಟ್ಟಿಸಿದರು. ಟಾಂಕಿ ಬಹಳ ಚಂದ ಆಯಿತು. ಅಲ್ಲಿಂದ ಪೇಟೆಗೂ ಕ್ರಾಸಿಗೂ ಪೈಪು ಎಳೆಯಲು ಟಾಂಕಿಗೆ ಆದದ್ದರ ಎರಡು ಪಾಲು ಖರ್ಚು ಉಂಟೆಂದು ಆಮೇಲೆ ಗೊತ್ತಾಯಿತು. ಹಾಗೆ ಅದು ಒಣಗಿಕೊಂಡು ನಿಂತಿತು. ಕಟ್ಟುವಾಗ ಎರಡೂ ಕಡೆಯವರು ಟಾಂಕಿ ನಮ್ಮದು ಎಂದು ಜಗಳ ಮಾಡಿದ್ದರು. ಸಾಲದ ಕಂತಿನ ಕಾಗದ ಬರತೊಡಗಿದ ಮೇಲೆ ನಿಮ್ಮದು ಎಂದು ಜಗಳ ಮಾಡಿದರು. ಮೂರು ಕಂತು ಬಾಕಿ ಬಿತ್ತು. ಆ ಕಾಗದಗಳನ್ನು ಅಧ್ಯಕ್ಷರು ಓದದೆ ಸೆಕ್ರೆಟರಿಯವರಿಗೆ ಕೊಡುವರು, ಸೆಕ್ರೆಟರಿಯವರು ಓದಿ ನನ್ನನ್ನು ಕರೆದು ಬೈಯುವರು.

ಸೆಕ್ರೆಟರಿಯವರು ಘಟ್ಟದ ಮೇಲಿನವರು. ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಇಂಥವರು ಒಬ್ಬೊಬ್ಬರೇ ಇಳಿದು ಬಂದರು. ಇವರು ಚಾರ್ಮಾಡಿಯ ತಿರುವುಗಳಲ್ಲಿ ಬಸ್ಸಿನ ಕಿಟಕಿಯಿಂದ ಹೊರಗೆ ಹಾಕಿದ ತಲೆಯನ್ನು ಬೆಳ್ತಂಗಡಿಯಲ್ಲಿ ಒಳಗೆ ತೆಗೆದರಂತೆ. ಆ ಸಿಟ್ಟು ನಮ್ಮ ಊರಿನ ಮೇಲೆ ಕೊನೆಯವರೆಗೂ ಉಳಿಯಿತು. ಪ್ರಾಮಾಣಿಕ ಮನುಷ್ಯ, ಪಂಚಾಯತಿನ ಒಂದು ಪೈಸೆ ಮುಟ್ಟಿದವರಲ್ಲ. ಆದರೆ ತುಳು ಬಾರದು, ಮೀನಿನ ವಾಸನೆ ಆಗದು. "ಏನ್ರೀ, ಇಷ್ಟೊಂದು ಮನೆ ಕಾಣ್ತವೆ, ತೆರಿಗೆ ಮಾತ್ರ ಕಾಣಲ್ವಲ್ರೀ," ಎಂದು ದಿನಾ ಕೇಳುವರು. ಅವರು ಕೇಳಿದ್ದೂ ಸರಿ. ಕ್ರಾಸಿನ ಹೊಸ ಮನೆಗಳಲ್ಲಿ ಅರ್ಧಕ್ಕರ್ಧ ನಮ್ಮ ರಿಜಿಸ್ಟರಿನಲ್ಲೇ ಇರಲಿಲ್ಲ.

ಆ ವರ್ಷ ಮೇಲಿನಿಂದ ಒಂದು ಕಾಗದ ಬಂತು. ಬಾಕಿ ಕಂತುಗಳನ್ನು ಮಾರ್ಚಿ ಮುಗಿಯುವ ಮೊದಲು ಕಟ್ಟದಿದ್ದರೆ ಪಂಚಾಯತಿನಲ್ಲಿ ಟೆಂಪರರಿ ನೌಕರರನ್ನು ಇಟ್ಟುಕೊಳ್ಳುವ ಹಾಗಿಲ್ಲ, ಕಟ್ಟಿದರೆ ಒಂದು ಹುದ್ದೆ ಖಾಯಂ ಮಾಡಬಹುದು. ಟೆಂಪರರಿ ನೌಕರರು ಎಂದರೆ ನಾನೊಬ್ಬನೇ. ಸೆಕ್ರೆಟರಿಯವರು ಅಚ್ಚು ಹಾಕಿದ ಒಂದು ಹೊಸ ರಿಜಿಸ್ಟರು ನನ್ನ ಕೈಗೆ ಕೊಟ್ಟು, "ಒಂದು ಮನೆ ಬಿಡಬೇಡಿ, ಒಂದು ಕಾಲಮ್ಮೂ ಖಾಲಿ ಬಿಡಬೇಡಿ. ಯಜಮಾನನ ಹೆಸರು, ಅವನ ತಂದೆ ಹೆಸರು. ಆಮೇಲೆ ಬಿಲ್ಲು," ಎಂದರು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಕ್ರಾಸಿನ ಮನೆಗಳು ಹೆಚ್ಚಿನವು ಅಳಿಯ ಕಟ್ಟಿನವರದ್ದು, ನಮ್ಮದೂ ಹಾಗೆಯೇ. ಆ ಕಟ್ಟಿನಲ್ಲಿ ಮನೆ ತಾಯಿಯಿಂದ ಮಗಳಿಗೆ ಹೋಗುತ್ತದೆ, ವ್ಯವಹಾರ ನೋಡುವುದು ಅವಳ ಅಣ್ಣನೋ ತಮ್ಮನೋ. ಗಂಡ ಎಂಬವನು ತನ್ನ ತಾಯಿಯ ಮನೆಯಲ್ಲಿದ್ದು ಹೆಂಡತಿಯ ಮನೆಗೆ ಬಂದು ಹೋಗುತ್ತಾನೆ. ಎಲ್ಲರೂ ಹಾಗೆ ಇದ್ದರೆಂದಲ್ಲ, ಕ್ರಾಸಿನಲ್ಲಿ ಮಾತ್ರ ಬಹಳ ಜನ ಹಾಗಿದ್ದರು. ಶನಿವಾರ ಸಂಜೆ ಮೂರೂ ಕಡೆಯ ಬಸ್ಸುಗಳಿಂದ ಗಂಡಂದಿರು ಇಳಿಯುವರು, ಒಂದು ಕೈಯಲ್ಲಿ ಮೀನಿನ ಕಟ್ಟು, ಇನ್ನೊಂದರಲ್ಲಿ ಮಕ್ಕಳಿಗೆ ಚಕ್ಕುಲಿಯ ಪೊಟ್ಟಣ. ಸೋಮವಾರ ಮೊದಲ ಬಸ್ಸಿಗೆ ಹೋಗುವರು. ನಡುವಿನ ಆದಿತ್ಯವಾರ ಜಗಲಿಯಲ್ಲಿ ಕೂತು ಪೇಪರು ಓದುವರು.

ನಾನು ಮನೆ ಬರೆಯಲು ಹೋದದ್ದು ಆದಿತ್ಯವಾರಗಳಲ್ಲಿ. ಬೇರೆ ದಿನ ಹೆಂಗಸರು ಬೀಡಿಯ ಗಡಿಬಿಡಿಯಲ್ಲಿರುತ್ತಾರೆ, ರಜೆಯ ದಿನವಾದರೆ ಮಾತಾಡಲು ಜನ ಸಿಗುತ್ತಾರೆ ಎಂದು ನನ್ನ ಬುದ್ಧಿವಂತಿಕೆ. ಮಂಗಳವಾರ ಹೋಗಿದ್ದರೆ ಇದನ್ನು ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ. ಪ್ರತಿ ಜಗಲಿಯಲ್ಲೂ ಒಬ್ಬ ಗಂಡಸು. "ಯಜಮಾನ್ರು ಯಾರು?" ಎಂದು ನಾನು ಕೇಳುವುದು. ಅವನು ಒಮ್ಮೆ ಒಳಗೆ ನೋಡುವನು. ಒಳಗಿಂದ ಅರೆಯುವ ಕಲ್ಲಿನ ಸದ್ದು ಬರುತ್ತಿದ್ದರೆ ಧೈರ್ಯ ಮಾಡಿ ಸಣ್ಣ ದನಿಯಲ್ಲಿ ತನ್ನ ಹೆಸರು ಹೇಳುವನು. ತಂದೆಯ ಹೆಸರು ಕೇಳಿದರಂತೂ ಮುಖ ಅರಳುವುದು. ಅಳಿಯ ಕಟ್ಟಿನವನ ಹತ್ತಿರ ತಂದೆಯ ಹೆಸರು ಯಾರು ಕೇಳ್ತಾರೆ ಮಾರಾಯರೆ. ಮನೆ ಅವರದ್ದಲ್ಲ ಎಂದು ನನಗೆ ಗೊತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಗೊತ್ತಿತ್ತು. ಆದರೆ ಕಾಲಮ್ಮು ಚಂದ ಮಾಡಿ ತುಂಬುತ್ತಿತ್ತು. ನನಗೆ ಬೇಕಾದದ್ದು ಖಾಯಂ ಆರ್ಡರು, ಮನೆ ಯಾರದ್ದಾದರೆ ನನಗೇನು ಎಂದು ಬರೆದುಕೊಂಡು ಹೋದೆ.

ಬಿಲ್ಲು ಹಂಚಿದೆ. ಬೈಗುಳಕ್ಕೆ ತಯಾರಾಗಿಯೇ ಇದ್ದೆ. ಮೊದಲ ಶನಿವಾರ ಆಪೀಸು ಮುಚ್ಚುವ ಹೊತ್ತಿಗೆ ಬೆಳ್ತಂಗಡಿ ಕಡೆಯ ಒಬ್ಬ ಭಾವ ಬಂದರು. ಭಾವ ಎಂದರೆ ನನಗೆ ಸಂಬಂಧ ಅಲ್ಲ, ಅವರ ಹೆಂಡತಿಯನ್ನು ಊರಿಗೆ ಊರೇ ಅಕ್ಕ ಎಂದು ಕರೆಯುತ್ತಿದ್ದುದರಿಂದ ಇವರು ಊರಿಗೆಲ್ಲ ಭಾವ. ಅಕ್ಕನಿಗೆ ಕ್ರಾಸಿನಲ್ಲಿ ಒಂದು ಮನೆ, ಅದಕ್ಕೆ ತಾಗಿ ಬಾಡಿಗೆಗೆ ಕೊಟ್ಟ ಎರಡು ಕೋಣೆ. ಆಳೂ ಗಟ್ಟಿ, ದನಿಯೂ ಗಟ್ಟಿ. ಭಾವ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುವ ಸಾಧು ಮನುಷ್ಯ, ಇಪ್ಪತ್ತೈದು ವರ್ಷದಿಂದ ಆ ಮನೆಯ ಜಗಲಿಯ ತುದಿಯಲ್ಲಿ ಕೂತು ಎದ್ದು ಹೋದವರು. ಮೀನಿನ ಕಟ್ಟನ್ನು ಸೆಕ್ರೆಟರಿಯವರಿಗೆ ಹೆದರಿ ಹೊರಗೆ ಮೆಟ್ಟಲಿನಲ್ಲಿ ಇಟ್ಟು ಒಳಗೆ ಬಂದರು. ಬಿಲ್ಲನ್ನು ನನ್ನ ಮೇಜಿನ ಮೇಲೆ ಬಿಡಿಸಿ ಇಟ್ಟರು.

"ಇದರಲ್ಲಿ ನನ್ನ ಹೆಸರು ಉಂಟು."

"ಉಂಟು ಭಾವ."

"ಇದು ಸರಕಾರದ ಕಾಗದವೇ ಅಲ್ಲವಾ?"

"ಸರಕಾರದ್ದೇ."

"ಹಾಗಾದರೆ ಹಿಂದಿನ ಬಾಕಿಯೂ ಸೇರಿಸಿ ತೆಕ್ಕೊಳ್ಳಿ. ರಶೀದಿಯಲ್ಲಿ ಹೆಸರು ಪೂರ್ತಿ ಬರೆಯಿರಿ. ತಂದೆಯದ್ದೂ ಬರೆಯಿರಿ, ಜಾಗ ಇದ್ದರೆ."

ಬರೆದು ಕೊಟ್ಟೆ. ಬಾಗಿಲಿಗೆ ಹೋಗಿ ಬೆಳಕಿನಲ್ಲಿ ಎರಡು ಸಲ ಓದಿದರು. "ಉಪಕಾರ ಆಯಿತು," ಎಂದರು. ಮೂರು ವರ್ಷದಲ್ಲಿ ತೆರಿಗೆ ಕಟ್ಟಿ ನನಗೆ ಉಪಕಾರ ಹೇಳಿದವರು ಅವರೊಬ್ಬರೇ.

ಆಗ ಕ್ರಾಸಿನ ಹೋಟೆಲುಗಳಲ್ಲಿ ಒಂದು ಸುದ್ದಿ ಓಡಾಡುತ್ತಿತ್ತು. ಇನ್ನು ಅಳಿಯ ಕಟ್ಟು ನಡೆಯುವುದಿಲ್ಲವಂತೆ, ಹೊಸ ಕಾನೂನಂತೆ, ಸರಕಾರದ ಕಾಗದದಲ್ಲಿ ಯಾರ ಹೆಸರು ಉಂಟೋ ಮನೆ ಅವರದ್ದೇ ಅಂತೆ. ತೆರಿಗೆ ಕಟ್ಟಿದ ಮಾತ್ರಕ್ಕೆ ಮನೆ ಯಾರಿಗೂ ಬರುವುದಿಲ್ಲ, ಅದು ನನಗೆ ತಿಳಿದಿತ್ತು. ಆದರೆ ಕೇಳದವರಿಗೆ ಹೇಳಲಿಕ್ಕೆ ನನಗೆ ಸಂಬಳ ಕೊಡುತ್ತಿರಲಿಲ್ಲ. ಮುಂದಿನ ಶನಿವಾರ ಹನ್ನೊಂದು ಜನ ಗಂಡಂದಿರು ಬಂದರು. ಮೆಟ್ಟಲಿನಲ್ಲಿ ಹನ್ನೊಂದು ಮೀನಿನ ಕಟ್ಟು, ಅದನ್ನು ಕಾಯಲು ಆಪೀಸಿನ ಜವಾನ, ಜವಾನನನ್ನು ಕಾಯುತ್ತ ಪೇಟೆಯ ಬೆಕ್ಕುಗಳು. ಸೆಕ್ರೆಟರಿಯವರು ಮೂಗಿಗೆ ಕರವಸ್ತ್ರ ಹಿಡಿದುಕೊಂಡು ಹೊರಗೆ ಬಂದು, ಸಾಲನ್ನು ನೋಡಿ ಒಳಗೆ ಹೋದರು. ಅಂದಿನಿಂದ ಶನಿವಾರ ಕೊನೆಯ ಬಸ್ಸು ಬರುವವರೆಗೆ ಆಪೀಸು ತೆರೆದಿಡಬೇಕೆಂದು ಆರ್ಡರು ಮಾಡಿದರು.

ಅದರ ಮರುದಿನ ಬಿಟ್ಟು ಸೋಮವಾರ ಅಕ್ಕ ಬಂದರು, ಜೊತೆಗೆ ಅವರ ಅಣ್ಣ. ಆದದ್ದೇನೆಂದರೆ, ಭಾವ ಆ ರಶೀದಿಗೆ ಕನ್ನಡಿ ಹಾಕಿಸಿ, ಫ್ರೇಮು ಕಟ್ಟಿಸಿ ಜಗಲಿಯ ಗೋಡೆಗೆ ಮೊಳೆ ಹೊಡೆದಿದ್ದರು. ಅಷ್ಟಾದರೂ ಅಕ್ಕ ಬಿಡುತ್ತಿದ್ದರೇನೋ. ಆದರೆ ಭಾವ ಜಗಲಿಯ ತುದಿ ಬಿಟ್ಟು ನಡುವಿನ ಕುರ್ಚಿಯಲ್ಲಿ ಕೂತು, ಅಕ್ಕನ ಕೋಣೆಯಲ್ಲಿ ಬಾಡಿಗೆಗಿದ್ದ ಸೈಕಲ್ ಶಾಪಿನವನನ್ನು ಕರೆದು ಬಾಡಿಗೆ ಕೇಳಿದ್ದರು.

"ಕಲೆಕ್ಟರೇ, ನನ್ನ ಮನೆಗೆ ಹೊಸ ಯಜಮಾನ ಯಾವಾಗ ಬಂದದ್ದು?" ಎಂದರು ಅಕ್ಕ.

"ರಿಜಿಸ್ಟರಿನಲ್ಲಿ ಹಾಗೆ ಉಂಟು ಅಕ್ಕ."

"ರಿಜಿಸ್ಟರು ಬರೆದದ್ದು ಯಾರು?"

"ನಾನೇ."

"ನಿಮಗೆ ಹೇಳಿದವರು ಯಾರು?"

"ಭಾವ ಜಗಲಿಯಲ್ಲಿ ಕೂತಿದ್ದರು."

"ಜಗಲಿಯಲ್ಲಿ ನಮ್ಮ ನಾಯಿಯೂ ಕೂರ್ತದೆ. ಅದರ ಹೆಸರು ಬರೆದಿದ್ದೀರಾ?"

ಅಕ್ಕನ ಅಣ್ಣ ಹೆಸರು ತಿದ್ದಿ ಎಂದು ಮೇಜು ಕುಟ್ಟಿದರು. ನಾನು ಸೆಕ್ರೆಟರಿಯವರ ಮುಖ ನೋಡಿದೆ. ಅವರು ಬಂದ ದುಡ್ಡನ್ನು ವಾಪಸು ಕೊಡುವ ಜನವೇ ಅಲ್ಲ. "ತಿದ್ದೋಕಾಗಲ್ಲಮ್ಮಾ, ಅದಕ್ಕೆ ಮೀಟಿಂಗಿನಲ್ಲಿ ತೀರ್ಮಾನ ಆಗ್ಬೇಕು. ಬೇಕಾದ್ರೆ ನೀವೂ ಕಟ್ಟಿ. ಠೇವಣಿ ಅಂತ ನಿಮ್ಮ ಹೆಸರಿಗೇ ರಶೀದಿ ಕೊಡ್ತೀವಿ," ಎಂದರು. ಅಕ್ಕ ಒಂದು ಗಳಿಗೆ ಯೋಚಿಸಿದರು. ಭಾವ ಎಷ್ಟು ಕಟ್ಟಿದ್ದು ಎಂದು ಕೇಳಿದರು. ಹೇಳಿದೆ. ಅದಕ್ಕಿಂತ ಒಂದು ವರ್ಷದ್ದು ಹೆಚ್ಚು ಕಟ್ಟಿ, ರಶೀದಿ ಹಿಡಿದು ಹೋದರು. ಸೀದಾ ಹೋದದ್ದು ಫ್ರೇಮು ಹಾಕುವ ಅಂಗಡಿಗೆ.

ಅಲ್ಲಿಂದ ಮುಂದೆ ಶನಿವಾರ ಗಂಡಂದಿರು, ಸೋಮವಾರ ಹೆಂಡಂದಿರು. ಹೆಂಡತಿ ಒಂದು ವರ್ಷದ್ದು ಮುಂಗಡ ಕಟ್ಟಿದಳೆಂದು ತಿಳಿದು ಗಂಡ ಬಂದು ಎರಡು ವರ್ಷದ್ದು ಕಟ್ಟುವನು. ಅವನ ಅಂಗಡಿಯ ಸಂಬಳಕ್ಕಿಂತ ಅವಳ ಬೀಡಿಯ ದುಡ್ಡು ಹೆಚ್ಚು, ಸೋಮವಾರ ಅವಳು ಅದನ್ನೂ ದಾಟುವಳು. ಮೂಡುಬಿದಿರೆ ಕಡೆಯ ಒಬ್ಬರು ತಮ್ಮ ಕೈಗಡಿಯಾರ ಅಡವಿಟ್ಟು ಕಟ್ಟಿದರು. ನನ್ನ ರಶೀದಿ ಪುಸ್ತಕ ಮುಗಿದು ಹೊಸತು ತರಿಸಬೇಕಾಯಿತು. ಮನೆಗೆ ಹೋಗಿ ಈ ಕಥೆಗಳನ್ನು ಅಮ್ಮನಿಗೆ ಹೇಳಿದರೆ ಅವಳು ಬೀಡಿಯ ನೂಲು ಹಲ್ಲಿನಲ್ಲಿ ಕಚ್ಚಿಕೊಂಡೇ ನಗುವಳು. "ಗಂಡಸರನ್ನು ಯಜಮಾನನ ಕುರ್ಚಿಯಲ್ಲಿ ಕೂರಿಸಲಿಕ್ಕೆ ಒಂದು ಕಾಗದ ಸಾಕು ನೋಡು," ಎನ್ನುವಳು. ನಾನೂ ನಗುವುದು.

ಫೆಬ್ರವರಿಯಲ್ಲಿ ಟಾಂಕಿಯ ಮೂರೂ ಕಂತು ತೀರಿತು. ಅಧ್ಯಕ್ಷರು ಲಾಡು ತಂದು ಹಂಚಿದರು. ಮೆಲ್ಕಾರಿನವರೆಗೂ ಸುದ್ದಿ ಹೋಗಿದೆ, ಬೇರೆ ಪಂಚಾಯತಿನವರು ನಮ್ಮನ್ನು ನೋಡಿ ಹೊಟ್ಟೆ ಉರಿದುಕೊಳ್ತಾ ಇದ್ದಾರೆ ಎಂದರು. ಆಮೇಲೆ ನನ್ನೊಬ್ಬನನ್ನೇ ಒಳಗೆ ಕರೆದರು. "ಮಾರ್ಚಿ ಕೊನೆಗೆ ಮೇಲಿನ ಆಫೀಸರರು ರಿಜಿಸ್ಟರು ನೋಡಲು ಬರ್ತಾರೆ. ಅವರು ಸಹಿ ಹಾಕಿದ ದಿನವೇ ನಿನ್ನ ಖಾಯಂ ಆರ್ಡರು. ಅಲ್ಲಿಯವರೆಗೆ ಅದರಲ್ಲಿ ಒಂದು ಅಕ್ಷರ ಆಚೆ ಈಚೆ ಆಗಬಾರದು. ಒಂದು ಹೆಸರು ತಿದ್ದಿದರೆ ಎಲ್ಲರದ್ದೂ ತಿದ್ದಬೇಕಾಗ್ತದೆ. ಆಗ ಗಂಡಂದಿರ ದುಡ್ಡು ವಾಪಸು ಕೊಡಬೇಕು. ಅದು ಕಂತಿಗೆ ಹೋಗಿ ಆಗಿದೆ. ಅರ್ಥ ಆಯಿತಲ್ಲ?" ಆಯಿತು. ತಿದ್ದಿದರೆ ನನ್ನ ಕೆಲಸ ಹೋಯಿತು ಎಂದು ಅದರ ಅರ್ಥ.

ಇಲ್ಲಿಯವರೆಗೆ ನಾನು ಹೇಳದೆ ಬಿಟ್ಟ ಒಂದು ಸಂಗತಿ ಉಂಟು. ಹೇಳಲು ಇವತ್ತೂ ಮನಸ್ಸಿಲ್ಲ.

ನಮ್ಮ ಮನೆಯೂ ಆ ಕ್ರಾಸಿನಲ್ಲೇ, ಆ ರಿಜಿಸ್ಟರಿನಲ್ಲೇ ಇತ್ತು. ಅಮ್ಮ ಬೀಡಿ ಕಟ್ಟಿ ಉಳಿಸಿದ ದುಡ್ಡಿನಲ್ಲಿ ಜಾಗ ತೆಗೆದು ಕಟ್ಟಿಸಿದ ಮನೆ. ಅದಕ್ಕೆ ನನ್ನ ಕಡೆಯಿಂದ ಸೇರಿದ್ದು ಎದುರಿನ ಬಾಗಿಲು ಒಂದು. ಮನೆ ಬರೆದು ಮುಗಿದ ಆದಿತ್ಯವಾರ ಸಂಜೆ ನಮ್ಮ ಸಾಲು ತುಂಬಲು ಕೂತೆ. ಅಮ್ಮ ಎದುರಿಗೇ ಕೂತು ಬೀಡಿ ಕಟ್ಟುತ್ತಿದ್ದಳು. ಅವಳನ್ನು ಏನೂ ಕೇಳಲಿಲ್ಲ. ಯಜಮಾನನ ಹೆಸರು ಎಂಬಲ್ಲಿ ನನ್ನ ಹೆಸರು ಬರೆದೆ, ತಂದೆಯ ಹೆಸರು ಎಂಬಲ್ಲಿ ಅಪ್ಪನದ್ದು. ಬರೆದು ನೋಡಿದೆ, ಚಂದ ಕಂಡಿತು. ಯಾಕೆ ಬರೆದೆ ಎಂದು ಕೇಳಿದರೆ ಅದಕ್ಕಿಂತ ದೊಡ್ಡ ಕಾರಣ ನನ್ನ ಹತ್ತಿರ ಇಲ್ಲ. ತೆರಿಗೆ ನಾನೇ ಕಟ್ಟಿ, ರಶೀದಿಯನ್ನು ಅಮ್ಮನ ಕೈಯಲ್ಲಿ ಕೊಟ್ಟು, "ನಿನ್ನ ಮನೆಯದ್ದು," ಎಂದೆ. ಅವಳಿಗೆ ಓದಲು ಬಾರದು. ಕಣ್ಣಿಗೆ ಒತ್ತಿಕೊಂಡು ಪೆಟ್ಟಿಗೆಯಲ್ಲಿಟ್ಟಳು.

ಮಾರ್ಚಿಯ ಕೊನೆಯ ಸೋಮವಾರ. ಆಫೀಸರರು ಬುಧವಾರ ಬರುವವರಿದ್ದರು. ಎಂದಿನ ಹಾಗೆ ಹೆಂಗಸರ ಸಾಲು ಬಾಗಿಲಿನ ಹೊರಗೂ ಇತ್ತು, ಅಕ್ಕನೂ ಅದರಲ್ಲಿದ್ದರು. ಮೂವರಿಗೆ ರಶೀದಿ ಬರೆದು ತಲೆ ಎತ್ತಿದರೆ ಎದುರಿಗೆ ಅಮ್ಮ. ಮದುವೆ ಮುಂಜಿಗೆ ಉಡುವ ಸೀರೆ ಉಟ್ಟಿದ್ದಳು. ನನ್ನ ಆಪೀಸಿಗೆ ಅವಳು ಅದುವರೆಗೆ ಬಂದವಳೇ ಅಲ್ಲ.

"ಕಲೆಕ್ಟರೇ, ನನ್ನ ಮನೆಯ ತೆರಿಗೆ ಕಟ್ಟಲಿಕ್ಕುಂಟು," ಎಂದಳು.

ನನ್ನನ್ನು ಬಹುವಚನದಲ್ಲಿ ಕರೆದದ್ದು ಅವಳ ಜನ್ಮದಲ್ಲಿ ಅದೇ ಮೊದಲು. "ಅಮ್ಮ, ನಾನು ಕಟ್ಟಿದ್ದೇನಲ್ಲ," ಎಂದು ಮೆಲ್ಲಗೆ ಹೇಳಿದೆ.

"ನೀವು ಕಟ್ಟಿದ್ದು ನಿಮ್ಮ ಮನೆಯದ್ದಂತೆ. ನಿಮ್ಮ ಮನೆ ಎಲ್ಲಿ ಉಂಟೋ ನನಗೆ ಗೊತ್ತಿಲ್ಲ."

ಸಾಲಿನಲ್ಲಿ ಯಾರೋ ನಕ್ಕರು. ಅಮ್ಮ ನಗಲಿಲ್ಲ. ಸೆರಗಿನ ಗಂಟಿನಿಂದ ರಶೀದಿ ತೆಗೆದು ನನ್ನ ಮುಂದೆ ಇಟ್ಟಳು. ಆಗ ಅವಳ ದನಿ ಸ್ವಲ್ಪ ಇಳಿಯಿತು.

"ನಿನ್ನೆ ತಂಗಿ ಇದನ್ನು ಓದಿದಳು. ಏನೇನೋ ಓದಿದಳು. 'ನೀನು ಕಲಿತದ್ದು ಐದನೇ ಕ್ಲಾಸು, ನಿನಗೆ ಸರಿ ಓದಲಿಕ್ಕೆ ಬರುವುದಿಲ್ಲ' ಎಂದು ನಾನೇ ಅವಳಿಗೆ ಬೈದೆ. ಹಾಗೆ ನಿಮ್ಮ ಹತ್ತಿರ ಬಂದೆ. ನೀವು ಓದಿ. ಇದರಲ್ಲಿ ಯಾರ ಹೆಸರು ಉಂಟು?"

ನನಗೆ ಆಗಲೇ ಅರ್ಥವಾಯಿತು, ಅವಳು ಜಗಳಕ್ಕೆ ಬಂದದ್ದಲ್ಲ. ತಂಗಿ ಓದಿದ್ದು ತಪ್ಪಿರಲಿ ಎಂದು ಬಂದದ್ದು. ನಾನು ಅವಳ ಹೆಸರು ಹೇಳಿದ್ದರೆ ನಂಬುತ್ತಿದ್ದಳು, ಮನೆಗೆ ಹೋಗಿ ತಂಗಿಗೆ ಇನ್ನೊಂದಿಷ್ಟು ಬೈಯುತ್ತಿದ್ದಳು. ಎರಡು ದಿನ ಕಳೆದರೆ ನನ್ನ ಆರ್ಡರು ಬರುತ್ತಿತ್ತು, ಅವಳ ಕುತ್ತಿಗೆಗೆ ವಿಶ್ರಾಂತಿ ಸಿಗುತ್ತಿತ್ತು. ಅವಳ ಒಳ್ಳೆಯದಕ್ಕೇ ಅಲ್ಲವೇ ಎಂದು ಕೂಡ ಯೋಚಿಸಿದೆ, ನನ್ನ ಬುದ್ಧಿ ಅಂಥದ್ದು. ಬಾಯಿ ತೆರೆದೆ. ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು.

"ನನ್ನ ಹೆಸರು ಉಂಟಮ್ಮ," ಎಂದೆ.

ಅವಳು ಒಮ್ಮೆ ತಲೆಯಾಡಿಸಿದಳು. "ತಂಗಿಗೆ ಓದಲಿಕ್ಕೆ ಬರ್ತದೆ ಹಾಗಾದರೆ," ಎಂದಳು. ಸೆರಗಿನ ಗಂಟಿನಿಂದ ದುಡ್ಡು ತೆಗೆದು ಒಂದೊಂದೇ ಮೇಜಿನ ಮೇಲೆ ಇಡತೊಡಗಿದಳು. ಬೀಡಿಯ ಪುಡಿ ಕೂತು ಬೆರಳುಗಳ ತುದಿ ಕಂದಾಗಿತ್ತು. ನನಗೆ ನಾಚಿಕೆಯಾಯಿತು. ಅಂಥ ನಾಚಿಕೆ ನನಗೆ ಆಮೇಲೆ ಯಾವತ್ತೂ ಆಗಿಲ್ಲ, ಅದಕ್ಕಿಂತ ದೊಡ್ಡ ತಪ್ಪು ಮಾಡಿದಾಗಲೂ ಆಗಿಲ್ಲ.

ದುಡ್ಡನ್ನು ಅವಳ ಕಡೆಗೆ ದೂಡಿದೆ. ರಿಜಿಸ್ಟರು ತೆರೆದು ನನ್ನ ಹೆಸರನ್ನು ಕೆಂಪು ಶಾಯಿಯಲ್ಲಿ ಹೊಡೆದು ಹಾಕಿ ಅವಳ ಹೆಸರು ಬರೆದೆ. ತಂದೆಯ ಹೆಸರು ಎಂಬ ಕಾಲಮ್ಮಿನಲ್ಲಿ ಅವಳ ತಾಯಿಯ ಹೆಸರು ಬರೆದೆ, ಬದಿಗೆ ಸಹಿ ಹಾಕಿದೆ. ಆ ಸಾಲನ್ನು ಅವಳಿಗೆ ತೋರಿಸಿ ಬೆರಳಿಟ್ಟು ಓದಿ ಹೇಳಿದೆ. ಮೊದಲು ಬಾಯಿ ತೆರೆದದ್ದು ಅಕ್ಕ.

"ಮೀಟಿಂಗು ಆಗದೆ ತಿದ್ದಲಿಕ್ಕೆ ಆಗ್ತದೆ ಹಾಗಾದರೆ," ಎಂದರು. "ನಮ್ಮದೂ ತೆಗೆಯಿರಿ."

ಆಮೇಲೆ ಯಾರನ್ನು ನಿಲ್ಲಿಸುವುದು? ಸಾಲು ಹೋಗಿ ಗುಂಪಾಯಿತು. ಸುದ್ದಿ ಕ್ರಾಸಿಗೆ ಮುಟ್ಟಿ, ಬೀಡಿಯ ಬ್ರಾಂಚಿನಲ್ಲಿ ನಿಂತಿದ್ದವರೆಲ್ಲ ತಡ್ಪೆ ಸಮೇತ ಬಂದರು. ಸೆಕ್ರೆಟರಿಯವರು ಊಟ ಮುಗಿಸಿ ಬರುವಾಗ ನಾನು ರಿಜಿಸ್ಟರಿನ ಮೂರನೇ ಓಣಿಯಲ್ಲಿದ್ದೆ. "ಏನ್ರೀ ಮಾಡ್ತಿದ್ದೀರಿ," ಎಂದು ರಿಜಿಸ್ಟರಿಗೆ ಕೈ ಹಾಕಿದರು. ಅಕ್ಕ ಅವರ ಪಕ್ಕಕ್ಕೆ ಹೋಗಿ ನಿಂತರು, ಮುಟ್ಟಲಿಲ್ಲ, ಬರೀ ನಿಂತರು. ಸೆಕ್ರೆಟರಿಯವರು ಕೈ ಹಿಂದೆ ತೆಗೆದರು. ಕೆಂಪು ಶಾಯಿ ಮುಗಿದ ಮೇಲೆ ನೀಲಿಯಲ್ಲಿ ತಿದ್ದಿದೆ. ಸಂಜೆಯ ಹೊತ್ತಿಗೆ ಕ್ರಾಸಿನಲ್ಲಿ ಗಂಡಸಿನ ಹೆಸರಿನ ಮನೆ ನಾಲ್ಕೋ ಐದೋ ಉಳಿದವು, ಅವು ನಿಜವಾಗಿಯೂ ಗಂಡಸರದ್ದೇ.

ಬುಧವಾರ ಆಫೀಸರರು ಬಂದು ಆ ಕೆಂಪು ನೀಲಿ ಪುಟಗಳನ್ನು ನೋಡಿ ಚಹಾ ಕೂಡ ಕುಡಿಯದೆ ಎದ್ದರು. ಗಂಡಂದಿರು ಕಟ್ಟಿದ್ದನ್ನೆಲ್ಲ ವಾಪಸು ಕೊಡಬೇಕೆಂದು ಬರೆದಿಟ್ಟು ಹೋದರು. ಹಾಗೆ ನಮ್ಮ ಪಂಚಾಯತು ಸರಕಾರದ ಬಾಕಿ ತೀರಿಸಿದ ಸಂತೋಷದಲ್ಲಿರುವಾಗಲೇ ಊರಿನ ಗಂಡಂದಿರಿಗೆ ಸಾಲಗಾರ ಆಯಿತು. ಅಧ್ಯಕ್ಷರು ಒಂದು ರಾತ್ರಿ ಮಾತ್ರ ಚಿಂತೆ ಮಾಡಿದರು. ಮರುದಿನ ಅವರಿಗೆ ಹೊಳೆಯಿತು, ಈ ಗಂಡಂದಿರೆಲ್ಲ ತಮ್ಮ ತಮ್ಮ ತಾಯಿಯ ಊರಿನಲ್ಲಿ ಓಟು ಇರುವವರು, ಇಲ್ಲಿ ಓಟಿರುವುದು ಹೆಂಡತಿಯರಿಗೆ. ಅದೇ ವಾರ ಕ್ರಾಸಿನಲ್ಲಿ ಬೆಂಚಿನ ಮೇಲೆ ನಿಂತು ಭಾಷಣ ಮಾಡಿದರು. ಹೆಂಗಸರ ಮನೆ ಹೆಂಗಸರ ಹೆಸರಿನಲ್ಲೇ ಇರಬೇಕೆಂದು ತಾನು ಮೊದಲಿನಿಂದಲೂ ಹೇಳುತ್ತಿದ್ದೆ, ತಪ್ಪು ಬರೆದ ನೌಕರನನ್ನು ಕೆಲಸದಿಂದ ತೆಗೆದಿದ್ದೇವೆ ಎಂದರು. ಜನ ಚಪ್ಪಾಳೆ ತಟ್ಟಿದರು. ಗುಂಪಿನ ಹಿಂದೆ ನಾನೂ ಇದ್ದೆ. ಎಲ್ಲರೂ ತಟ್ಟುವಾಗ ನನ್ನ ಕೈಯೂ ಎರಡು ಸಲ ತಟ್ಟಿ ಹೋಯಿತು.

ಕೆಲಸ ಹೋದ ಕಾಗದ ಹಿಡಿದುಕೊಂಡು ಮನೆಗೆ ಹೋದದ್ದು ಮಾರ್ಚಿ ಮೂವತ್ತೊಂದಕ್ಕೆ. ಅಮ್ಮ ಆ ಸೋಮವಾರದಿಂದ ನನ್ನ ಹತ್ತಿರ ಊಟಕ್ಕೆ ಕರೆಯುವಷ್ಟು ಮಾತ್ರ ಮಾತಾಡುತ್ತಿದ್ದಳು. ಜಗಲಿಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದಳು. ಎದುರಿಗೆ ನಿಂತು ಹೇಳಿದೆ.

"ಕೆಲಸ ಹೋಯಿತಮ್ಮ. ಎರಡು ತಿಂಗಳು ಇಲ್ಲಿ ಇರ್ತೇನೆ. ಮತ್ತೆ ಎಲ್ಲಾದರೂ ನೋಡ್ತೇನೆ."

ಅವಳು ತಲೆ ಎತ್ತಲಿಲ್ಲ. "ಇರು. ಬಾಡಿಗೆ ಯಾರು ಕೇಳಿದರು ನಿನ್ನ ಹತ್ತಿರ?" ಎಂದಳು. ಕೈಯಲ್ಲಿದ್ದ ಬೀಡಿಗೆ ನೂಲು ಸುತ್ತಿ ಮುಗಿಸಿ, "ಆದರೆ ಶನಿವಾರದ ಬಸ್ಸಿನಲ್ಲಿ ಬಂದವರ ಹಾಗೆ ಸುಮ್ಮನೆ ನಿಲ್ಲಬೇಡ. ಕೂತುಕೋ. ಎಲೆ ಕತ್ತರಿಸು."

ಕೂತೆ. ಆ ಮಳೆಗಾಲ ಮುಗಿಯುವವರೆಗೆ, ಬಸ್ಸಿನ ಆಪೀಸಿನಲ್ಲಿ ಟಿಕೇಟು ಹರಿಯುವ ಕೆಲಸ ಸಿಗುವ ತನಕ, ಅಮ್ಮ ಮತ್ತು ತಂಗಿಯ ನಡುವೆ ಕೂತು ಬೀಡಿ ಕಟ್ಟಿದೆ. ಓಣಿಯಲ್ಲಿ ಹೋಗುವ ಹೆಂಗಸರು ನಿಂತು, "ಕಲೆಕ್ಟರೇ, ಎಷ್ಟಾಯಿತು?" ಎಂದು ಕೇಳಿ ಹೋಗುವರು. ನನಗೆ ಕೈ ಕೂಡಿ ಬರಲಿಲ್ಲ. ಮೊದಲ ವಾರ ನಾನು ಕಟ್ಟಿದ್ದರಲ್ಲಿ ಅರ್ಧದಷ್ಟನ್ನು ಬ್ರಾಂಚಿನವನು ಕೆಟ್ಟದ್ದೆಂದು ಬದಿಗೆ ಹಾಕಿ, ಎಲೆ ಪುಡಿಯ ನಷ್ಟವನ್ನು ಪುಸ್ತಕದಲ್ಲಿ ಅಮ್ಮನ ಹೆಸರಿಗೆ ಹಿಡಿದ. ಹನ್ನೆರಡು ವರ್ಷದಲ್ಲಿ ಅವಳ ಹೆಸರಿಗೆ ಅಂಥದ್ದೊಂದು ಬಿದ್ದಿರಲಿಲ್ಲ. "ಇದು ಯಾರು ಕಟ್ಟಿದ್ದು?" ಎಂದು ಅವನು ಎಲ್ಲರೆದುರು ಕೇಳಿದ. ನಾನು ಅವಳ ಪಕ್ಕದಲ್ಲೇ ನಿಂತಿದ್ದೆ.

"ನಾನೇ," ಎಂದಳು ಅಮ್ಮ.